ಮೇಜಿನ ಎರಡೂ ಬದಿಗೆ ಅಭಿಮಾನಿ

2008ರ ಏಪ್ರಿಲ್ 19. ಅಮೆರಿಕದ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿದ್ದ ರಾಸ್ಪುಟಿನ್ ಮ್ಯೂಸಿಕ್ ಅಂಗಡಿಗೆ ಅಭಿಮಾನಿಗಳ ಸಾಲು. ಒಳಗೆ ಹಸ್ತಾಕ್ಷರ ಹಾಕಲು ಕುಳಿತವರು ಜಗದ್ವಿಖ್ಯಾತ ರಾಕ್ ತಂಡ ‘ಮೆಟಾಲಿಕಾ’ದವರು. ತಾಸುಗಟ್ಟಲೆ ನಡೆಯಿತು ಈ ಭೇಟಿ.

ಅಂದು ಮೊತ್ತಮೊದಲ ‘ರೆಕಾರ್ಡ್ ಸ್ಟೋರ್ ಡೇ’. ಹಾಡುಗಳು ಇಂಟರ್ನೆಟ್ಟಿನಲ್ಲೇ ಸಿಗತೊಡಗಿ ಧ್ವನಿಮುದ್ರಿಕೆ ಅಂಗಡಿಗಳು ಒಂದೊಂದಾಗಿ ಬಾಗಿಲೆಳೆಯುತ್ತಿದ್ದ ಕಾಲವದು. ಟವರ್ ರೆಕಾರ್ಡ್ಸ್‌ನಂಥ ದೊಡ್ಡ ಸಂಸ್ಥೆಯೇ 2006ರಲ್ಲಿ ಅಮೆರಿಕದ ತನ್ನ ಮಳಿಗೆಗಳನ್ನು ಮುಚ್ಚಿತ್ತು. ಉಳಿದ ಸಣ್ಣ ಅಂಗಡಿಗಳವರು 2007ರಲ್ಲಿ ಕೂಡಿ ಯೋಚಿಸಿ ಈ ದಿನಾಚರಣೆ ಹುಟ್ಟುಹಾಕಿದರು.

ಮೆಟಾಲಿಕಾ ಬಂದದ್ದಕ್ಕೆ ಇನ್ನೊಂದು ಅರ್ಥವೂ ಇತ್ತು. 2000ದಲ್ಲಿ ತಂಡವು ನ್ಯಾಪ್‌ಸ್ಟರ್ ವಿರುದ್ಧ ಮೊಕದ್ದಮೆ ಹೂಡಿ, ತನ್ನ ಹಾಡುಗಳನ್ನು ಹಂಚಿಕೊಂಡಿದ್ದ 3 ಲಕ್ಷಕ್ಕೂ ಹೆಚ್ಚು ಬಳಕೆದಾರರ ಪಟ್ಟಿ ಒಪ್ಪಿಸಿದಾಗ ಅಭಿಮಾನಿಗಳೇ ಮುನಿದಿದ್ದರು. ಮುನಿಸು ಕರಗಲು ಮುಖಾಮುಖಿ ಭೇಟಿಗಿಂತ ಒಳ್ಳೆಯ ದಾರಿ ಯಾವುದು?

ತಂಡದ ಡ್ರಮ್ ವಾದಕ ಲಾರ್ಸ್ ಉಲ್ರಿಕ್‌ಗೆ ಈ ಸಾಲಿನ ತವಕ ಹೊಸದಲ್ಲ. 1981ರ ಬೇಸಿಗೆಯಲ್ಲಿ, ಹದಿನೇಳರ ಹುಡುಗನಾಗಿದ್ದಾಗ, ನೆಚ್ಚಿನ ‘ಡೈಮಂಡ್ ಹೆಡ್’ ತಂಡವನ್ನು ನೋಡಲೆಂದೇ ಅಮೆರಿಕದಿಂದ ಇಂಗ್ಲೆಂಡಿಗೆ ಹೋಗಿದ್ದ. ಕಛೇರಿ ಕೇಳಿದ್ದಷ್ಟೇ ಅಲ್ಲ, ವಾದಕರ ಮನೆಯಲ್ಲೇ ಉಳಿದುಕೊಂಡು ಅವರ ಅಭ್ಯಾಸವನ್ನು ಹತ್ತಿರದಿಂದ ಕಂಡ. ಮರಳಿದ ಮೇಲೆ, ಅದೇ ವರ್ಷ, ಮೆಟಾಲಿಕಾ ಹುಟ್ಟಿತು. ಡೈಮಂಡ್ ಹೆಡ್‌ನ ಹಾಡುಗಳನ್ನು ಮುಂದೆ ಮೆಟಾಲಿಕಾ ತಾನೇ ನುಡಿಸಿ ಧ್ವನಿಮುದ್ರಿಸಿತು.

ಹಸ್ತಾಕ್ಷರಕ್ಕಾಗಿ ಹಟ ಹಿಡಿದ ಮಗನನ್ನೋ ಮಗಳನ್ನೋ ಗದರುವ ಮುನ್ನ ಹೆತ್ತವರು ಆ ಹದಿನೇಳರ ಹುಡುಗನನ್ನು ನೆನೆಯಬಹುದು. ಮಕ್ಕಳೂ ಅಷ್ಟೇ: ಅವನು ಇಂಗ್ಲೆಂಡಿನಿಂದ ಬರಿಯ ಹಸ್ತಾಕ್ಷರ ತರಲಿಲ್ಲ, ಕಲಿಯುವ ಛಲವನ್ನೂ ತಂದ.