ಎಡವೋ ಬಲವೋ, ಡಾಕ್ಟರು ಬರೆದಿಲ್ಲ

ಅಮೆರಿಕದ ಯಾವುದೋ ಊರಿನ ಅಜ್ಜಿ ಹಿಮದ ಮೇಲೆ ಜಾರಿ ಕೈ ಮುರಿದುಕೊಂಡರೆ, ಆ ಮುರಿತಕ್ಕೆ ನಂಬರು ಹಾಕುವವರು ಬೆಂಗಳೂರಿನಲ್ಲೋ ಚೆನ್ನೈನಲ್ಲೋ ಕೂತಿರುತ್ತಾರೆ. ಮೆಡಿಕಲ್ ಕೋಡಿಂಗ್ ಎಂಬ ಈ ಕೆಲಸಕ್ಕೆ ಬಿ.ಎಸ್ಸಿ., ಬಿ.ಫಾರ್ಮಾ, ನರ್ಸಿಂಗ್ ಓದಿದವರು ಸೇರುತ್ತಾರೆ. ಏನು ಕೆಲಸ ಎಂದು ಮನೆಯವರಿಗೆ ವಿವರಿಸಿ ಸಾಕಾಗಿ, ‘ಆಸ್ಪತ್ರೆ ಬಿಲ್ಲಿನದು’ ಎಂದು ಮುಗಿಸಿಬಿಡುತ್ತಾರೆ. ಅದು ಅರ್ಧ ನಿಜ. ಇವರು ರೋಗಿಯ ಮುಖ ಕಾಣುವುದಿಲ್ಲ, ಎಕ್ಸ್‌ರೇ ನೋಡಿ ತಾವೇ ತೀರ್ಮಾನಿಸುವ ಹಕ್ಕೂ ಇವರಿಗಿಲ್ಲ. ಕಣ್ಣೆದುರು ಇರುವುದು ಡಾಕ್ಟರು ಬರೆದ ಚಾರ್ಟ್ ಮಾತ್ರ. ಚಾರ್ಟ್‌ನಲ್ಲಿ ಇಲ್ಲದ್ದು ನಡೆದೇ ಇಲ್ಲ ಎಂಬುದು ಈ ಕಸುಬಿನ ಮೊದಲ ಪಾಠ.

ಮುಂಗೈಯಲ್ಲಿ ಇರುವುದು ಎರಡೇ ಮೂಳೆ. ಹೆಬ್ಬೆರಳಿನ ಕಡೆಗೆ ರೇಡಿಯಸ್, ಕಿರುಬೆರಳಿನ ಕಡೆಗೆ ಅಲ್ನಾ. ಆದರೆ ಅಮೆರಿಕದಲ್ಲಿ 2015ರ ಅಕ್ಟೋಬರ್ 1ರಿಂದ ಬಳಕೆಗೆ ಬಂದ ಐಸಿಡಿ-10-ಸಿಎಂ ಪಟ್ಟಿಯಲ್ಲಿ ಈ ಎರಡು ಮೂಳೆಗಳಿಗೆ ಮೀಸಲಾದ ಎಸ್52 ವಿಭಾಗ ಪುಟಗಟ್ಟಲೆ ಹರಡಿಕೊಂಡಿದೆ. ಒಂದನ್ನು ಬಿಡಿಸಿ ನೋಡಿ: ಎಸ್52.531ಎ. ‘ಎಸ್’ ಎಂದರೆ ಗಾಯ, 52 ಮುಂಗೈ ಮುರಿತ, ಮುಂದಿನ 5 ರೇಡಿಯಸ್ಸಿನ ಕೆಳತುದಿ, 3 ಕೋಲಿಸ್ ಮುರಿತ, 1 ಬಲಗೈ. ಕೊನೆಯ ‘ಎ’ ಮಾತ್ರ ಹೊಸಬರನ್ನು ಕೆಡವುತ್ತದೆ.

ಅದು ಮೊದಲ ಭೇಟಿ ಎಂದುಕೊಳ್ಳುವವರೇ ಹೆಚ್ಚು. ನಿಜಕ್ಕೂ ಅದು ಹೇಳುವುದು, ಚರ್ಮ ಸೀಳದ ಮುರಿತ, ಚಿಕಿತ್ಸೆ ಇನ್ನೂ ನಡೆಯುತ್ತಿದೆ ಎಂದು. ಎಮರ್ಜೆನ್ಸಿಯಲ್ಲಿ ನೋಡಿದಾಗಲೂ ‘ಎ’, ನಾಲ್ಕು ದಿನ ಬಿಟ್ಟು ಇನ್ನೊಬ್ಬ ಸರ್ಜನ್ ಪ್ಲೇಟ್ ಕೂರಿಸಿದಾಗಲೂ ‘ಎ’. ಪ್ಲಾಸ್ಟರ್ ಬಿಚ್ಚಿಸಿಕೊಳ್ಳಲು ಬಂದಾಗ ‘ಡಿ’. ಮೂಳೆ ಕೂಡದಿದ್ದರೆ ಒಂದು ಅಕ್ಷರ, ಸೊಟ್ಟಗೆ ಕೂಡಿದರೆ ಮತ್ತೊಂದು. ಹೀಗೆ ಏಳನೆಯ ಸ್ಥಾನಕ್ಕೇ ಹದಿನಾರು ಅಕ್ಷರ.

ಚರ್ಮ ಸೀಳಿದ ಮುರಿತವಾದರೆ ಇಕ್ಕಟ್ಟು ಇನ್ನೂ ದೊಡ್ಡದು. ಗುಸ್ಟಿಲೊ ಮತ್ತು ಆಂಡರ್ಸನ್ 1976ರಲ್ಲಿ ಪ್ರಕಟಿಸಿದ ವರ್ಗೀಕರಣದ ಪ್ರಕಾರ ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ಶುಭ್ರ ಗಾಯ ಮೊದಲನೇ ದರ್ಜೆ. ಮಾಂಸಖಂಡ ನಜ್ಜುಗುಜ್ಜಾಗಿದ್ದರೆ ಮೂರನೇ ದರ್ಜೆ. ಮೊದಲೆರಡು ದರ್ಜೆಗೆ ‘ಬಿ’, ಮೂರನೆಯದಕ್ಕೆ ‘ಸಿ’. ಡಾಕ್ಟರು ದರ್ಜೆ ಬರೆಯದೆ ಬರೀ ‘ಓಪನ್ ಫ್ರಾಕ್ಚರ್’ ಎಂದರೆ ನಿಯಮದಂತೆ ‘ಬಿ’ಯೇ ಗತಿ. ಮಷಿನ್ನಿಗೆ ಸಿಕ್ಕಿ ಜಜ್ಜಿಹೋದ ಕೈ, ದಾಖಲೆಯಲ್ಲಿ ಮೂಳೆಯ ಮೊನೆ ಒಂದಿಷ್ಟು ಚುಚ್ಚಿ ಹೊರಬಂದ ಕೈಗೆ ಸಮನಾಗಿಬಿಡುತ್ತದೆ. ಚರ್ಮ ಸೀಳಿದೆಯೋ ಇಲ್ಲವೋ ಎಂದೇ ಬರೆಯದಿದ್ದರೆ ಸೀಳಿಲ್ಲವೆಂದೇ ಲೆಕ್ಕ. ಮೂಳೆ ಜರುಗಿದೆಯೋ ಇಲ್ಲವೋ ತಿಳಿಸದಿದ್ದರೆ ಮಾತ್ರ ಜರುಗಿದೆ ಎಂದು ಲೆಕ್ಕ. ಎಡವೋ ಬಲವೋ ಎಂಬುದನ್ನು ಊಹಿಸಲಿಕ್ಕೆ ನಿಯಮವಿಲ್ಲ. ನರ್ಸ್ ಟಿಪ್ಪಣಿಯಲ್ಲಾದರೂ ಸಿಕ್ಕಿದರೆ ಬಚಾವು. ಇಲ್ಲದಿದ್ದರೆ ‘ಯಾವ ಕೈ ಎಂದು ತಿಳಿಸಿಲ್ಲ’ ಎಂಬರ್ಥದ ಕೋಡ್ ಹೋಗಿ, ವಿಮೆ ಕಂಪನಿಯಿಂದ ಕ್ಲೇಮು ವಾಪಸು ಬರುವ ಸಾಧ್ಯತೆಯೇ ಹೆಚ್ಚು.

ಹೆಸರುಗಳದ್ದೂ ಇದೇ ಕಥೆ. ಡಬ್ಲಿನ್ನಿನ ಅಬ್ರಹಾಂ ಕೋಲಿಸ್ ಮಣಿಕಟ್ಟಿನ ಈ ಮುರಿತವನ್ನು ವರ್ಣಿಸಿದ್ದು 1814ರಲ್ಲಿ. ಎಕ್ಸ್‌ರೇ ಬಂದದ್ದು 1895ರಲ್ಲಿ. ಬರೀ ಕಣ್ಣು, ಬೆರಳುಗಳಿಂದ ಅಷ್ಟು ಸ್ಪಷ್ಟವಾಗಿ ಬರೆದಿಟ್ಟ ಆ ಮನುಷ್ಯನ ಹೆಸರನ್ನು, ಸ್ಕ್ಯಾನಿಂಗ್ ಸಮೇತ ಎಲ್ಲವೂ ಕೈಗೆಟುಕುವ ಇಂದಿನ ಡಾಕ್ಟರು ಬರೆಯದೆ ಬಿಟ್ಟರೆ, ವರದಿಯ ವಿವರವೆಲ್ಲ ಅದನ್ನೇ ಹೇಳುತ್ತಿದ್ದರೂ ಕೋಡರ್ ‘ಕೋಲಿಸ್’ ಎಂದು ಹಾಕುವಂತಿಲ್ಲ. ಅತ್ತ ಹಸು ಗುದ್ದಿ ಬಿದ್ದವರಿಗೆ ಡಬ್ಲ್ಯೂ55.22 ಎಂದು ಶುರುವಾಗುವ ಪ್ರತ್ಯೇಕ ಕೋಡೇ ಇದೆ!

ನಗು ಬಿಟ್ಟು ನೋಡಬೇಕಾದ ಜಾಗ ಬೇರೆ ಇದೆ. ವಯಸ್ಸಾದ ಹೆಂಗಸು, ನಿಂತಲ್ಲೇ ಜಾರಿ, ಚಾಚಿದ ಅಂಗೈ ಮೇಲೆ ಬಿದ್ದಿದ್ದಾರೆ. ಚಾರ್ಟ್‌ಗಳಲ್ಲಿ ಇದನ್ನು ‘ಫೂಶ್’ ಎಂದು ಚುಟುಕಾಗಿ ಬರೆಯುತ್ತಾರೆ. ಡಾಕ್ಟರು ‘ಬಿದ್ದು ಮುರಿತ’ ಎಂದಷ್ಟೇ ಬರೆದರೆ ಕೋಡ್ ಎಸ್52ರಲ್ಲಿ ಬೀಳುತ್ತದೆ, ಅಂದರೆ ಅಪಘಾತ. ಆಕೆಗೆ ಆಸ್ಟಿಯೋಪೊರೋಸಿಸ್ ಇದೆ, ಗಟ್ಟಿ ಮೂಳೆ ಇಷ್ಟಕ್ಕೆ ಮುರಿಯುತ್ತಿರಲಿಲ್ಲ ಎಂದಾದರೆ ಅದೇ ಮುರಿತ ಎಂ80ಕ್ಕೆ ಹೋಗಬೇಕು, ಅಂದರೆ ಕಾಯಿಲೆ. ಔಷಧಿ ಪಟ್ಟಿಯಲ್ಲಿ ಆ ಕಾಯಿಲೆಗೆಂದು ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆ ಕಣ್ಣಿಗೆ ಬಿದ್ದರೂ ಅದನ್ನೇ ನೆಚ್ಚಿ ಕೋಡ್ ಬದಲಿಸುವಂತಿಲ್ಲ. ಡಾಕ್ಟರಿಗೆ ಕ್ವೆರಿ ಕಳಿಸಬೇಕು, ಅದೂ ಉತ್ತರವನ್ನು ಬಾಯಿಗೆ ತುರುಕದಂತೆ. ದಿನದ ಟಾರ್ಗೆಟ್ ಕುತ್ತಿಗೆಗೆ ಬಂದಿರುವಾಗ ಕ್ವೆರಿ ಕಳಿಸುವ ತಾಳ್ಮೆ ಎಷ್ಟು ಜನರಿಗಿದ್ದೀತು?

ನನಗಂತೂ ಹಣಕ್ಕಿಂತ ಇದೇ ದೊಡ್ಡ ನಷ್ಟ ಎನಿಸುತ್ತದೆ. ಮಣಿಕಟ್ಟು ಮುರಿಯುವುದು ಎಷ್ಟೋ ಹೆಂಗಸರಲ್ಲಿ ಮೂಳೆ ಟೊಳ್ಳಾದುದರ ಮೊದಲ ಸೂಚನೆ. ಸೊಂಟದ ಮುರಿತ ಬರುವುದು ಆಮೇಲೆ. ಮೊದಲನೆಯದು ಬರೀ ಬಿದ್ದ ಗಾಯವೆಂದು ಫೈಲು ಸೇರಿದರೆ ಕ್ಯಾಲ್ಸಿಯಂ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಎಂದು ಯಾರೂ ಬೆನ್ನು ಹತ್ತುವುದಿಲ್ಲ.

ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಏಳಕ್ಷರದ ಈ ಕೋಡಿನ ಕಾಟವಿಲ್ಲ. ಆದರೆ ಡಾಕ್ಟರ ಒಂದು ಸಾಲಿನ ತೂಕ ಇಲ್ಲಿ ಇನ್ನೂ ಹೆಚ್ಚು. ಹೊಡೆದಾಟದ ಪ್ರಕರಣದಲ್ಲಿ ಪೊಲೀಸರಿಗೆ ಕೊಡುವ ಗಾಯದ ಪ್ರಮಾಣಪತ್ರದಲ್ಲಿ ಮೂಳೆ ಮುರಿತವಿದ್ದರೆ ಅದು ತೀವ್ರ ಸ್ವರೂಪದ ಗಾಯ. ಹಳೆಯ ಐಪಿಸಿ 320ನೇ ಕಲಂ ಹೇಳುತ್ತಿದ್ದುದನ್ನೇ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ಹೇಳುತ್ತದೆ. ಬೇಕೆಂದೇ ಮಾಡಿದ ಸಾದಾ ಗಾಯಕ್ಕೆ ಒಂದು ವರ್ಷದವರೆಗೆ ಜೈಲು. ತೀವ್ರ ಗಾಯಕ್ಕೆ ಏಳು ವರ್ಷದವರೆಗೆ. ಮುಂಗೈ ಊದಿದೆ ಎಂದು ಬರೆದು ಎಕ್ಸ್‌ರೇ ವರದಿ ಲಗತ್ತಿಸುವುದನ್ನು ಮರೆತರೆ ಎಷ್ಟು ವ್ಯತ್ಯಾಸವಾಗುತ್ತದೆ, ಲೆಕ್ಕ ಹಾಕಿ.

ಅಲ್ನಾದ ನಡುಭಾಗ ಒಂದೇ ಮುರಿದಿದ್ದರೆ ಅನುಭವಸ್ಥ ಡಾಕ್ಟರು ಒಮ್ಮೆ ತಲೆಯೆತ್ತಿ ನೋಡುತ್ತಾರೆ. ಮುಖಕ್ಕೆ ಬೀಳುವ ಏಟನ್ನು ತಡೆಯಲು ಕೈ ಅಡ್ಡ ಹಿಡಿದಾಗ ಮುರಿಯುವ ಜಾಗ ಅದು. ಬೇರೆ ರೀತಿಯಲ್ಲೂ ಮುರಿಯಬಹುದು, ಹಾಗಾಗಿ ಕೇಳಬೇಕು. ಗಂಡನೇ ಕರೆತಂದು ‘ಬಚ್ಚಲಲ್ಲಿ ಬಿದ್ದಳು ಸಾರ್’ ಎಂದರೆ ಅವನನ್ನು ಹೊರಗೆ ಕೂರಿಸಿ ಆಕೆಯನ್ನೇ ಕೇಳಬೇಕು. ಬಿದ್ದದ್ದೆಂದು ಹೇಳಿದವರು ಯಾರು ಎಂಬುದನ್ನೂ ಚೀಟಿಯಲ್ಲಿ ಬರೆಯಬೇಕು. ಅಮೆರಿಕದ ಪಟ್ಟಿಯಲ್ಲಿ ಶಂಕಿತ ದೌರ್ಜನ್ಯಕ್ಕೆ ಟಿ76, ದೃಢಪಟ್ಟದ್ದಕ್ಕೆ ಟಿ74 ಎಂಬ ವಿಭಾಗಗಳಿವೆ, ಮುರಿತದ ಕೋಡಿಗಿಂತ ಮೊದಲು ಅವನ್ನೇ ಹಾಕಬೇಕೆಂಬ ನಿಯಮವೂ ಇದೆ. ಡಾಕ್ಟರು ಶಂಕೆಯನ್ನು ಬರೆಯದಿದ್ದರೆ ಕೋಡರ್ ಹಾಕುವುದು ಜಾರಿ ಬಿದ್ದದ್ದರ ಕೋಡನ್ನೇ.