ಪೊರೆ ಸರಿದ ಮೇಲೆ

2023ರ ಮಳೆಗಾಲದ ಒಂದು ಭಾನುವಾರ ಬಲಿಪೂಜೆಯಲ್ಲಿ ಶುಭಸಂದೇಶವನ್ನು ಓದುತ್ತಿದ್ದಾಗ ನಮಗೆ ಸಾಲು ತಪ್ಪಿತು. ಹೊರಗೆ ಜಡಿಮಳೆ, ಒಳಗೆ ವಿದ್ಯುತ್ತಿಲ್ಲ. ಉಪದೇಶಿಗಳು ಪಕ್ಕದಲ್ಲಿ ಹಿಡಿದು ನಿಂತಿದ್ದ ಮೇಣದಬತ್ತಿಯ ಸುತ್ತ ಬಣ್ಣದ ಬಳೆಯೊಂದು ಕಾಣುತ್ತಿತ್ತೇ ಹೊರತು ಅದರ ಬೆಳಕಿನಲ್ಲಿ ಅಕ್ಷರಗಳು ಕಾಣುತ್ತಿರಲಿಲ್ಲ. ಗುರುದೀಕ್ಷೆ ಪಡೆದಂದಿನಿಂದ ಓದುತ್ತ ಬಂದ ಭಾಗವಾದುದರಿಂದ ನೆನಪಿನ ಬಲದಿಂದಲೇ ಮುಗಿಸಿದೆವು. ಯಾರಿಗೂ ತಿಳಿಯಲಿಲ್ಲವೆಂದು ಭಾವಿಸಿ ಪೂಜಾವಸ್ತ್ರಗಳನ್ನು ಕಳಚುತ್ತಿದ್ದಾಗ ಪೀಠಬಾಲಕನೊಬ್ಬ, "ಫಾದರ್, ಇವತ್ತು ಎರಡು ಸಾಲು ಬಿಟ್ಟುಬಿಟ್ಟಿರಿ" ಎಂದ. ಮಕ್ಕಳು ಪೂಜೆಯಲ್ಲಿ ಗಮನವಿಡುವುದಿಲ್ಲವೆಂದು ನಾವು ದೂರುತ್ತೇವೆ!

ಸತ್ಯವನ್ನೇ ಹೇಳಬೇಕೆಂದರೆ, ಬಲಗಣ್ಣು ಮಂಜಾಗಿ ಆಗಲೇ ವರ್ಷ ಕಳೆದಿತ್ತು. ಸಂಜೆಯ ಮನೆಭೇಟಿಗಳನ್ನು ನಾವು ಮಧ್ಯಾಹ್ನಕ್ಕೆ ಬದಲಾಯಿಸಿಕೊಂಡಿದ್ದೆವು. ಎದುರಿನಿಂದ ಬರುವ ಜೀಪುಗಳ ದೀಪ ಕಣ್ಣಿಗೆ ರಾಚುತ್ತಿದ್ದುದೇ ಅದಕ್ಕೆ ಕಾರಣವೆಂದು ಯಾರಿಗೂ ಹೇಳಿರಲಿಲ್ಲ. ಪೂಜೆಯ ಬಿಳಿ ನಿಲುವಂಗಿ ಹಳದಿಗಟ್ಟಿದೆ, ಸರಿಯಾಗಿ ಒಗೆಯುತ್ತಿಲ್ಲವೆಂದು ಬಟ್ಟೆ ನೋಡಿಕೊಳ್ಳುವ ಸಿಸ್ಟರ್ ಒಬ್ಬರನ್ನು ಎರಡು ಸಲ ಗದರಿಸಿದ್ದೂ ಉಂಟು. ಗುರುಗಳಿಗೆ ತಮ್ಮ ಅಶಕ್ತಿಯನ್ನು ಒಪ್ಪಿಕೊಳ್ಳುವುದು ಸುಲಭವಲ್ಲ. ಪೀಠದ ಮೇಲೆ ನಿಂತವನು ಗಟ್ಟಿಯಾಗಿಯೇ ಇರಬೇಕೆಂಬ ಒಂದು ಭ್ರಮೆ ನಮ್ಮಲ್ಲಿಯೂ ಬಲವಾಗಿಯೇ ಇತ್ತು.

ಮಲೆನಾಡಿನ ಈ ಮೂಲೆಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಮೂರು ಗಂಟೆಯ ಹಾದಿ. ಕಣ್ಣಿನ ವೈದ್ಯರು ಪರೀಕ್ಷಿಸಿ, ಪೊರೆ ಬಂದಿದೆಯೆಂದೂ, ನಮಗಿರುವ ಸಕ್ಕರೆ ಕಾಯಿಲೆಯಿಂದ ಐವತ್ತರ ಆಸುಪಾಸಿನಲ್ಲಿಯೇ ಅದು ಕಾಣಿಸಿಕೊಂಡಿರಬಹುದೆಂದೂ ಹೇಳಿದರು. ಕಣ್ಣಿನೊಳಗೆ ಹುಟ್ಟಿನಿಂದಲೇ ಇರುವ ತಿಳಿಯಾದ ಮಸೂರವು ಮಬ್ಬಾಗುವುದೇ ಪೊರೆ. ಹೊರಗಿನಿಂದ ಬಂದು ಕೂರುವ ತೆರೆಯಲ್ಲ. ಆದ್ದರಿಂದ ಯಾವ ಹನಿಯಿಂದಲೂ, ಯಾವ ಸೊಪ್ಪಿನ ರಸದಿಂದಲೂ ಅದು ಕರಗದು. ಮಬ್ಬಾದ ಮಸೂರವನ್ನು ತೆಗೆದು ಬೇರೊಂದನ್ನು ಇಡುವುದೇ ದಾರಿ. "ಮಳೆ ಮುಗಿಯಲಿ, ಚಳಿಗಾಲದಲ್ಲಿ ಮಾಡಿಸಿಕೊಳ್ಳುತ್ತೇವೆ" ಎಂದೆವು. ಈಗಿನ ಶಸ್ತ್ರಚಿಕಿತ್ಸೆಗೆ ಕಾಲದ ಕಟ್ಟಿಲ್ಲವೆಂದು ವೈದ್ಯರು ನಕ್ಕರು. ಆದರೆ ನಮ್ಮ ರಸ್ತೆಗೆ ಕಾಲದ ಕಟ್ಟಿದೆಯಲ್ಲ! ನವೆಂಬರ್ ಎಂದು ನಿಶ್ಚಯವಾಯಿತು.

ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗಳ ಲೇಪನ ಸಂಸ್ಕಾರವನ್ನು ಪಡೆದಿರಾ ಎಂದು ಧರ್ಮಕೇಂದ್ರದ ಹಲವರು ವಿಚಾರಿಸಿದರು. ಶಸ್ತ್ರಚಿಕಿತ್ಸೆಗೆ ಗಂಭೀರವಾದ ಕಾಯಿಲೆಯೇ ಕಾರಣವಾಗಿದ್ದರೆ ಮುಂಚಿತವಾಗಿ ಆ ಸಂಸ್ಕಾರವನ್ನು ಪಡೆಯಬಹುದೆಂದು ಧರ್ಮಸಭೆ ಬೋಧಿಸುತ್ತದೆ. ಅದು ಸಾಯುವವರಿಗೆ ಮಾತ್ರ ಮೀಸಲೆಂಬ ಹಳೆಯ ಹೆದರಿಕೆಯನ್ನು ನಮ್ಮ ಕುಟುಂಬಗಳು ಬಿಡಬೇಕು. ನಮ್ಮದು ಅಷ್ಟು ಗಂಭೀರವಲ್ಲವಾದ್ದರಿಂದ ಪಕ್ಕದ ಧರ್ಮಕೇಂದ್ರದ ಗುರುಗಳ ಆಶೀರ್ವಾದ ಪಡೆದು ಬಸ್ಸು ಹತ್ತಿದೆವು.

ರಕ್ತದೊತ್ತಡ, ಸಕ್ಕರೆ ನೋಡಿದರು. ಯಾವ ಶಕ್ತಿಯ ಮಸೂರ ಬೇಕೆಂದು ಕಣ್ಣನ್ನು ಅಳೆದರು. ಪಾಪೆ ಅಗಲವಾಗಲು ಮತ್ತೆ ಮತ್ತೆ ಹನಿ ಹಾಕಿದರು. ಮಲಗಿಸಿ ಮುಖಕ್ಕೆ ಬಟ್ಟೆ ಮುಚ್ಚಿದಾಗ ಎಚ್ಚರವಾಗಿಯೇ ಇದ್ದೆವು. ನೋವಿರಲಿಲ್ಲ. ತಣ್ಣನೆಯ ನೀರು ಹರಿದಂತೆ, ಕರಗುತ್ತಿರುವ ಬಣ್ಣದ ಬೆಳಕುಗಳ ನಡುವೆ ತೇಲಿದಂತೆ ಇತ್ತು. ಒಂದು ಜಪಸರ ಪೂರ್ತಿಯಾಗುವ ಮೊದಲೇ "ಆಯಿತು, ಏಳಿ" ಎಂದರು. ಮೂರು ಮಿಲಿಮೀಟರಿಗೂ ಕಿರಿದಾದ ಸೀಳು, ಹೊಲಿಗೆಯಿಲ್ಲ.

ಈ ಇಪ್ಪತ್ತು ನಿಮಿಷಗಳ ಹಿಂದೆ ಎಷ್ಟು ಜನರ ಚಿಂತನೆಯಿದೆ! ಪೊರೆಯನ್ನು ಸರಿಸುವ ವಿಧಾನವನ್ನು ನಮ್ಮ ನಾಡಿನ ಸುಶ್ರುತಸಂಹಿತೆಯೇ ವಿವರಿಸಿದೆ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ವಿಮಾನ ಚಾಲಕರ ಕಣ್ಣಿನಲ್ಲಿ ಉಳಿದುಹೋದ ಪ್ಲಾಸ್ಟಿಕ್ ಚೂರುಗಳನ್ನು ಕಣ್ಣು ತಿರಸ್ಕರಿಸಲಿಲ್ಲವೆಂಬುದನ್ನು ಇಂಗ್ಲೆಂಡಿನ ವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದರು. 1949ರಲ್ಲಿ ಲಂಡನ್ನಿನಲ್ಲಿ ಮೊದಲ ಕೃತಕ ಮಸೂರವನ್ನು ಕಣ್ಣಿನೊಳಗೆ ಇಟ್ಟರು. ಹಲ್ಲು ಶುಚಿಗೊಳಿಸುವ ದಂತವೈದ್ಯರ ಯಂತ್ರದ ಕಂಪನವನ್ನು ಕಂಡ ಅಮೆರಿಕದ ಚಾರ್ಲ್ಸ್ ಕೆಲ್ಮನ್, ಅಂಥದೇ ಕಂಪನದಿಂದ ಪೊರೆಯನ್ನು ಪುಡಿಮಾಡಿ ಹೀರಿ ತೆಗೆಯುವ ವಿಧಾನವನ್ನು 1967ರಲ್ಲಿ ಬಳಕೆಗೆ ತಂದರು. ಯುದ್ಧದ ಗಾಯದಿಂದಲೂ ದೃಷ್ಟಿ ಬಂದಿತಲ್ಲ!

ಶಸ್ತ್ರಚಿಕಿತ್ಸೆ ಇಪ್ಪತ್ತು ನಿಮಿಷದ್ದಾದರೂ ಅದರ ನಂತರದ ಪಥ್ಯ ವಾರಗಟ್ಟಲೆಯದು, ಮತ್ತು ಅದನ್ನು ಪಟ್ಟಣದ ಲೆಕ್ಕದಲ್ಲಿ ಬರೆದಿರುತ್ತಾರೆ. ಹೊಗೆ, ಧೂಳು ತಗಲಬಾರದು. ಆದರೆ ನವೆಂಬರ್ ಎಂದರೆ ನಮ್ಮಲ್ಲಿ ಅಡಿಕೆ ಬೇಯಿಸುವ ಕಾಲ. ಮನೆಮನೆಯ ಅಂಗಳದಲ್ಲಿ ಹಂಡೆ, ಒಲೆ, ಹೊಗೆ. ಗುರುಮನೆಯ ಬಚ್ಚಲ ಒಲೆಯನ್ನು ಅಡುಗೆಯಾತ ಹದಿನೈದು ದಿನ ಹೊತ್ತಿಸದೆ, ಹಿಂದಿನ ಮನೆಯಿಂದ ಬಿಸಿನೀರು ಹೊತ್ತು ತಂದ. ತಲೆಗೆ ನೀರು ಹಾಕಬಾರದು, ಭಾರ ಎತ್ತಬಾರದು, ಕಣ್ಣುಜ್ಜಬಾರದು, ತಲೆ ಕೆಳಗಾಗುವಂತೆ ಬಾಗಬಾರದು, ರಾತ್ರಿ ಕಣ್ಣಿಗೆ ಕವಚ ಕಟ್ಟಿಕೊಂಡೇ ಮಲಗಬೇಕು. ಹನಿಗಳದ್ದೇ ಒಂದು ಶಾಸ್ತ್ರ. ಮೊದಲ ವಾರ ದಿನಕ್ಕೆ ಆರು ಸಲ, ಆಮೇಲೆ ಒಂದೊಂದೇ ಕಡಿಮೆ. ಎರಡು ಬಗೆಯ ಹನಿಗಳ ನಡುವೆ ಐದು ನಿಮಿಷ ಬಿಡಬೇಕು, ಇಲ್ಲವಾದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಆ ಐದು ನಿಮಿಷವನ್ನು ಅಡುಗೆಯಾತ ಗಡಿಯಾರದಿಂದ ಅಳೆಯಲಿಲ್ಲ. ಜಪಸರದ ಒಂದು ದಶಕ ಹೇಳಿ ಮುಗಿಸಿ ಬಂದು ಎರಡನೆಯ ಹನಿ ಹಾಕುತ್ತಿದ್ದ.

ಪಟ್ಟಿಯ ಕೊನೆಯಲ್ಲಿ ದಪ್ಪಕ್ಷರದಲ್ಲಿತ್ತು: ನೋವು, ಹೆಚ್ಚಿದ ಕೆಂಪು, ದೃಷ್ಟಿ ಕುಂದುವಿಕೆ ಕಂಡರೆ ಕೂಡಲೇ ಬರತಕ್ಕದ್ದು. ಸೋಂಕು ಅಪರೂಪ, ಆದರೆ ತಗಲಿದರೆ ಗಂಟೆಗಳ ಲೆಕ್ಕದಲ್ಲಿ ಕಣ್ಣು ಹೋಗಬಹುದು. ನಮ್ಮೂರಿನ ಕೊನೆಯ ಬಸ್ಸು ಸಂಜೆ ಐದೂವರೆಗೆ. ಫೋನಿಗೆ ಸಿಗ್ನಲ್ ದೊರೆಯುವುದು ಗುಡ್ಡದ ಮೇಲಿನ ಸಮಾಧಿಭೂಮಿಯ ಹತ್ತಿರ ಮಾತ್ರ. ಮೂರನೆಯ ರಾತ್ರಿ ಕಣ್ಣು ಚುಚ್ಚಿದಂತಾಗಿ ನಿದ್ದೆ ಬರಲಿಲ್ಲ. ಬೆಳಗಿನವರೆಗೂ ಹಾಸಿಗೆಯ ಮೇಲೆ ಕುಳಿತೇ ಇದ್ದೆವು. ಬೆಳಕು ಹರಿದಾಗ ಕಿಟಕಿಯ ಸರಳುಗಳು ಸ್ಪಷ್ಟವಾಗಿ ಕಂಡವು, ಕಣ್ಣು ನೆಟ್ಟಗಿತ್ತು. ಆದರೆ ಆ ರಾತ್ರಿ ನಮ್ಮನ್ನು ಎಚ್ಚರವಾಗಿರಿಸಿದ್ದು ಕಣ್ಣಿನ ಚುಚ್ಚು ಮಾತ್ರವಲ್ಲ.

ಎರಡು ವರ್ಷಗಳ ಹಿಂದೆ ಧರ್ಮಕೇಂದ್ರದ ಒಬ್ಬ ವೃದ್ಧ ವಿಧವೆ ಗುರುಮನೆಯ ಜಗಲಿಗೆ ಬಂದಿದ್ದರು. (ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.) ಮೆಟ್ಟುಕತ್ತಿಯ ಮೇಲೆ ಅಡಿಕೆ ಸುಲಿಯುವುದು ಅವರ ಜೀವನೋಪಾಯ. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು. "ಕಣ್ಣೆಲ್ಲ ಮಂಜು ಮಂಜು ಫಾದರ್, ಕತ್ತಿಯೇ ಕಾಣೂದಿಲ್ಲ" ಎಂದರು. ನಾವು ಏನು ಹೇಳಿದೆವು? "ವಯಸ್ಸಾದ ಮೇಲೆ ಇದೂ ಒಂದು ಶಿಲುಬೆ ಅಮ್ಮಾ, ಪ್ರಭುವಿಗೆ ಒಪ್ಪಿಸಿಬಿಡಿ." ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳುಹಿಸಿದೆವು. ಮಾತು ಭಕ್ತಿಯದೇ ಆಗಿತ್ತು. ಆದರೆ ನಮ್ಮ ಸ್ವಂತ ಕಣ್ಣು ಮಂಜಾದಾಗ, ತಡಮಾಡಿದರೂ, ಅದನ್ನು ಶಿಲುಬೆಯೆಂದು ಹೊತ್ತು ಕೂರಲಿಲ್ಲ. ಶಿವಮೊಗ್ಗದ ಬಸ್ಸು ಹತ್ತಿದೆವು.

ತತ್ತ್ವಶಾಸ್ತ್ರ ಓದಿದವರಿಗೆ ಒಂದು ಅಪಾಯವಿದೆ. ಕೇಡಿನ ಸಮಸ್ಯೆಯನ್ನು ಕುರಿತು ಸಂತ ಅಗಸ್ಟೀನರೂ ಸಂತ ಥಾಮಸ್ ಅಕ್ವಿನಾಸರೂ ಹೇಳಿದ್ದನ್ನು ಗುರುಮಠದಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿ, ಎಲ್ಲ ನೋವಿಗೂ ಉತ್ತರ ಸಿದ್ಧವಿದೆಯೆಂದುಕೊಳ್ಳುತ್ತೇವೆ. ಕೇಡು ಎಂದರೆ ಇರಬೇಕಾದ ಒಳಿತಿನ ಅಭಾವವೆಂದು ಇಬ್ಬರೂ ಬೋಧಿಸಿದ್ದಾರೆ, ಕುರುಡುತನವೇ ಅದಕ್ಕೆ ಪಾಠದ ಉದಾಹರಣೆ. ಆ ಉದಾಹರಣೆ ನಮ್ಮ ಜಗಲಿಯಲ್ಲಿಯೇ ಬಂದು ಕುಳಿತಾಗ, ಈ ಅಭಾವವನ್ನು ತುಂಬಲು ಸಾಧ್ಯವೇ ಎಂದು ನಾವು ಕೇಳಲಿಲ್ಲ. ನಮ್ಮ ಬೈಬಲಿನಲ್ಲಿ ತೋಬಿತನ ಗ್ರಂಥವಿದೆ: ನಾಲ್ಕು ವರ್ಷ ಕುರುಡನಾಗಿದ್ದ ಆ ನೀತಿವಂತನಿಗೆ ಮಹಾದೂತ ರಫಾಯೇಲನು ತಾಳ್ಮೆಯ ಉಪದೇಶವನ್ನು ಕೊಡಲಿಲ್ಲ, ಮಗನ ಕೈಗೆ ಮೀನಿನ ಪಿತ್ತವೆಂಬ ಮದ್ದನ್ನು ಕೊಟ್ಟನು. (ಕಣ್ಣಿನಿಂದ ಬಿಳಿಯ ಪದರ ಸುಲಿದು ಬಂದಿತೆಂಬ ವರ್ಣನೆಯನ್ನು ಓದಿದ ವೈದ್ಯರು ಅದು ನಮ್ಮ ಪೊರೆಯಲ್ಲವೆನ್ನಬಹುದು, ಇರಲಿ.) ಸಿರಾಖನ ಗ್ರಂಥದ 38ನೆಯ ಅಧ್ಯಾಯವು ಪ್ರಾರ್ಥಿಸುವಂತೆಯೂ ವೈದ್ಯನಿಗೆ ಎಡೆಗೊಡುವಂತೆಯೂ ಒಂದೇ ಉಸಿರಿನಲ್ಲಿ ಬೋಧಿಸುತ್ತದೆ. ಪೋಪ್ ಎರಡನೆಯ ಜಾನ್ ಪಾಲರು 1984ರಲ್ಲಿ ಯಾತನೆಯ ಕ್ರೈಸ್ತ ಅರ್ಥವನ್ನು ಕುರಿತು ಬರೆದ ಪತ್ರದಲ್ಲಿ ಶಿಲುಬೆಯ ಜೊತೆಗೇ ಒಳ್ಳೆಯ ಸಮಾರ್ಯನಿಗೂ ಒಂದು ಇಡೀ ಭಾಗವನ್ನು ಮೀಸಲಿಟ್ಟರು. ಇವೆಲ್ಲವನ್ನೂ ನಾವು ಓದಿದ್ದೆವು.

ಕವಚ ಬಿಚ್ಚಿದ ವಾರವೇ ಆ ತಾಯಿಯ ಮನೆಗೆ ಹೋದೆವು. ಅವರು ಸುಲಿಯುವ ಕೆಲಸ ಬಿಟ್ಟು ವರ್ಷವಾಗಿತ್ತು. ಹಿಂದಿನ ಬೇಸಿಗೆಯಲ್ಲಿ ಬಲಗಣ್ಣು ಕೆಂಪಾಗಿ ಸಿಡಿದು, ತಲೆನೋವು, ವಾಂತಿ ಬಂದು ನಾಲ್ಕು ದಿನ ಮಲಗಿದ್ದರಂತೆ. ಕೊತ್ತಂಬರಿ ಬೀಜದ ನೀರಿನಲ್ಲಿ ಕಣ್ಣು ತೊಳೆದಿದ್ದರಂತೆ. ವಿನ್ಸೆಂಟ್ ದೆ ಪೌಲ್ ಸಂಘದವರು ಜೀಪು ಹೊಂದಿಸಿದರು. ಜಿಲ್ಲಾಸ್ಪತ್ರೆಯಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಉಚಿತ. ಕೇಂದ್ರ ಸರಕಾರ 1976ರಲ್ಲಿ ಆರಂಭಿಸಿದ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಇಂದಿಗೂ ನಡೆಯುತ್ತಿದೆ. ಆ ಮನೆಗೆ ಇದು ತಿಳಿದಿರಲಿಲ್ಲ. ತಿಳಿಸಬಹುದಾಗಿದ್ದವರು ಶಿಲುಬೆಯ ಮಾತನಾಡಿದ್ದರು.

ವೈದ್ಯರು ನಮ್ಮನ್ನು ಬದಿಗೆ ಕರೆದು ಹೇಳಿದರು: ಪೊರೆ ಬಲಿತು ಬಲಗಣ್ಣಿನೊಳಗೆ ಒತ್ತಡ ಏರಿದೆ, ನರ ಸತ್ತಿದೆ, ಪೊರೆ ತೆಗೆದರೂ ಆ ಕಣ್ಣಿಗೆ ದೃಷ್ಟಿ ಬರದು. ಎಡಗಣ್ಣನ್ನು ಉಳಿಸಬಹುದು. ಎರಡು ವರ್ಷ ಮೊದಲು ಬಂದಿದ್ದರೆ ಎಂದು ಅವರು ಆರಂಭಿಸಿ, ನಮ್ಮ ನಿಲುವಂಗಿಯನ್ನು ಕಂಡೋ ಏನೋ, ಮಾತು ನಿಲ್ಲಿಸಿದರು.

ಹಿಂತಿರುಗುವಾಗ ಜೀಪಿನಲ್ಲಿ ನಾವು ಕ್ಷಮೆ ಕೇಳಿದೆವು. ಆ ತಾಯಿಗೆ ಅದು ಅರ್ಥವೇ ಆಗಲಿಲ್ಲ. "ನೀವು ಹೇಳಿದ ಹಾಗೇ ಮಾಡಿದ್ದೇನೆ ಫಾದರ್, ದಿನಾ ಒಪ್ಪಿಸಿದ್ದೇನೆ" ಎಂದರು. ಅವರು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

2024ರ ಜನವರಿಯಲ್ಲಿ ಅವರ ಎಡಗಣ್ಣಿನ ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು. ಹನಿ ಹಾಕಲು ಮನೆಯಲ್ಲಿ ಹಗಲು ಯಾರೂ ಇಲ್ಲದ್ದರಿಂದ ಒಂದೂವರೆ ತಿಂಗಳು ಕಾನ್ವೆಂಟಿನಲ್ಲಿಯೇ ಇರಿಸಿಕೊಂಡರು, ನಾವು ಗದರಿಸಿದ್ದ ಅದೇ ಸಿಸ್ಟರ್. (ನಿಲುವಂಗಿ ಬೆಳ್ಳಗೇ ಇತ್ತು. ಹಳದಿಯಿದ್ದದ್ದು ನಮ್ಮ ಮಸೂರದಲ್ಲಿ. ಆ ಕ್ಷಮೆಯನ್ನೂ ಕೇಳಿದ್ದಾಗಿದೆ.) ಅದಾದ ಮೇಲೆ ವಾರ್ಡಿನ ಗುರಿಕಾರರೊಡನೆ ಮನೆಮನೆಗೆ ಹೋಗಿ, ಮೇಣದಬತ್ತಿಯ ಸುತ್ತ ಬಳೆ ಕಾಣುತ್ತದೆಯೇ ಎಂದು ಹಿರಿಯರನ್ನು ಕೇಳಿದೆವು. ಹನ್ನೊಂದು ಮಂದಿ ಕಾಣುತ್ತದೆಯೆಂದರು. ಒಂಬತ್ತು ಮಂದಿ ಜೀಪು ಹತ್ತಿದ್ದಾರೆ; ಇಬ್ಬರು ಇನ್ನೂ ಹೆದರುತ್ತಿದ್ದಾರೆ, ಅವರ ಮನೆಗೆ ಮತ್ತೆ ಹೋಗಬೇಕು.

ಆ ತಾಯಿ ಈಗ ಮೊದಲ ಬೆಂಚಿನಲ್ಲಿ ಕೂರುತ್ತಾರೆ. ಮೊದಲ ಸಲ ನಮ್ಮನ್ನು ಒಂದೇ ಕಣ್ಣಿನಿಂದ ಸ್ಪಷ್ಟವಾಗಿ ಕಂಡಾಗ, "ಫಾದರ್, ನಿಮ್ಮ ತಲೆ ಇಷ್ಟು ನೆರೆದಿದೆಯಾ!" ಎಂದು ದೇವಾಲಯದ ಅಂಗಳದಲ್ಲೇ ಗಟ್ಟಿಯಾಗಿ ಹೇಳಿ ಎಲ್ಲರನ್ನೂ ನಗಿಸಿದರು. ನಮ್ಮ ಎಡಗಣ್ಣಿನಲ್ಲಿಯೂ ಪೊರೆ ಬಲಿಯುತ್ತಿದೆ, ಶಿವಮೊಗ್ಗಕ್ಕೆ ಮತ್ತೊಮ್ಮೆ ಹೋಗಬೇಕಾಗಿದೆ. ಹನಿ ಹಾಕಲು ಅಡುಗೆಯಾತನನ್ನು ನಂಬಬೇಡಿ, ಅವನು ದಶಕವನ್ನು ಓಡಿಸಿಬಿಡುತ್ತಾನೆ, ತಾವೇ ಬರುತ್ತೇವೆಂದು ಆ ತಾಯಿ ಹೇಳಿ ಕಳುಹಿಸಿದ್ದಾರೆ.