ಚಕ್ರ ಒಂದು ಡಿಗ್ರಿ ವಾಲಿದರೆ

ಟೊಮೆಟೊ ಸುಗ್ಗಿ ಬಂತೆಂದರೆ ಚಿಂತಾಮಣಿಯ ಎಪಿಎಂಸಿ ಮಾರುಕಟ್ಟೆಯತ್ತ ಹೊರಡುವ ಗಾಡಿಗಳಿಗೆ ಬಿಡುವಿಲ್ಲ. ಗೂಡ್ಸ್ ಗಾಡಿ ಸಿಗದ ದಿನ ಸ್ವಂತ ಕಾರಿನ ಹಿಂದಿನ ಸೀಟು ಮಡಚಿ ಬಾಕ್ಸ್ ಪೇರಿಸುವ ರೈತರೂ ಇದ್ದಾರೆ. ಬಾಕ್ಸಿಗೆ 15 ಕೆಜಿ ಎಂದು ಹಿಡಿದರೂ ಹತ್ತು ಬಾಕ್ಸಿಗೆ ಒಂದೂವರೆ ಕ್ವಿಂಟಾಲ್. ತೋಟದ ಮಣ್ಣುದಾರಿ, ಊರ ಮುಂದಿನ ಹಂಪ್, ಮಳೆನೀರು ತುಂಬಿದ ಗುಂಡಿ ಎಲ್ಲವನ್ನೂ ದಾಟಿದ ಮೇಲೆ ಸಿಗುವುದು ಹೊನ್ನಾವರದಿಂದ ಬಂದು ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಹಾದು ಚಿತ್ತೂರಿನ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 69.

ಹೀಗೆ ಓಡಾಡಿದ ಕಾರು ಒಂದು ದಿನ ಟೈರ್ ಅಂಗಡಿಗೆ ಬರುತ್ತದೆ. ಹೊರಗಿನಿಂದ ನೋಡಿದರೆ ಟೈರಿನ ಬಟನ್ ಚೆನ್ನಾಗಿಯೇ ಇದೆ. ಚಕ್ರ ಬಿಚ್ಚಿ ತಿರುಗಿಸಿದಾಗ ಒಳಅಂಚು ನುಣ್ಣಗಾಗಿ, ಒಂದೆರಡು ಕಡೆ ದಾರವೂ ಕಾಣುತ್ತದೆ. ‘ಒಳಗಡೆಯಿಂದ ತಿಂತಾ ಇದೆ ಸಾರ್, ಕ್ಯಾಂಬರ್ ಔಟ್ ಆಗಿದೆ’ ಎನ್ನುತ್ತಾನೆ ಅಲೈನ್‌ಮೆಂಟ್ ಹುಡುಗ. ಅವನ ಮಾತು ನಿಜವಿರಬಹುದು, ಇಲ್ಲದೆಯೂ ಇರಬಹುದು. ಅದನ್ನು ತೂಗಿ ನೋಡಲು ಕ್ಯಾಂಬರ್ ಎಂದರೇನೆಂದು ಕಾರಿನ ಮಾಲೀಕರಿಗೂ ಗೊತ್ತಿರಬೇಕು.

ಕಾರಿನ ಎದುರು ನಿಂತು ಮುಂದಿನ ಚಕ್ರಗಳನ್ನು ನೋಡಿ. ಅವು ನೆಲಕ್ಕೆ ನೆಟ್ಟಗಿದ್ದರೆ ಕ್ಯಾಂಬರ್ ಸೊನ್ನೆ. ಚಕ್ರದ ತಲೆ ಎಂಜಿನ್ನಿನ ಕಡೆಗೆ ವಾಲಿದ್ದರೆ ನೆಗೆಟಿವ್, ಹೊರಕ್ಕೆ ವಾಲಿದ್ದರೆ ಪಾಸಿಟಿವ್. ಮನೆಬಳಕೆಯ ಬಹುತೇಕ ಕಾರುಗಳ ಮುಂಚಕ್ರಗಳಲ್ಲಿ ಈ ವಾಲು ಸೊನ್ನೆಯಿಂದ ಮೈನಸ್ ಒಂದು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. 60 ಸೆಂಟಿಮೀಟರ್ ಎತ್ತರದ ಚಕ್ರ ಒಂದು ಡಿಗ್ರಿ ವಾಲಿದರೆ ಅದರ ತಲೆಗೂ ಬುಡಕ್ಕೂ ಬರುವ ವ್ಯತ್ಯಾಸ ಬರೀ ಒಂದು ಸೆಂಟಿಮೀಟರ್. ಬರಿಗಣ್ಣಿಗೆ ತಟ್ಟನೆ ಕಾಣದ ಇಷ್ಟು ವಾಲು ಟೈರಿನ ಆಯಸ್ಸನ್ನು ತಗ್ಗಿಸಬಲ್ಲದು.

ಹಾಗಿದ್ದರೆ ಚಕ್ರಗಳನ್ನು ನೆಟ್ಟಗೇ ಇಟ್ಟುಬಿಡಬಹುದಲ್ಲ? ನಂದಿ ಬೆಟ್ಟ ಹತ್ತುವ ತಿರುವುಗಳಲ್ಲಿ ಇದಕ್ಕೆ ಉತ್ತರವಿದೆ. ಬಲಕ್ಕೆ ತಿರುಗುವಾಗ ಕಾರಿನ ಮೈ ಎಡಕ್ಕೆ ಓಲುತ್ತದೆ, ಭಾರವೆಲ್ಲ ಎಡಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಎಡಚಕ್ರ ತನ್ನ ಹೊರಅಂಚಿನ ಮೇಲೆ ನಿಲ್ಲಲು ಹೊರಡುತ್ತದೆ. ಮೊದಲೇ ಸ್ವಲ್ಪ ಒಳಕ್ಕೆ ವಾಲಿಸಿಟ್ಟಿದ್ದರೆ ಅದೇ ಹೊತ್ತಿಗೆ ಟೈರಿನ ಅಗಲವೆಲ್ಲ ರಸ್ತೆಗೆ ಕೂರುತ್ತದೆ, ಹಿಡಿತ ಸಿಗುತ್ತದೆ. ನೇರ ರಸ್ತೆಯಲ್ಲಿ ಮಾತ್ರ ಈ ವಾಲಿನ ಬೆಲೆಯನ್ನು ಟೈರಿನ ಒಳಅಂಚು ತೆರುತ್ತದೆ. ಕಂಪನಿ ನಿಗದಿಪಡಿಸುವ ಅಂಕಿ ಈ ಎರಡರ ನಡುವಿನ ಹೊಂದಾಣಿಕೆ.

ರೇಸ್ ಕಾರುಗಳಲ್ಲಿ ಇದೇ ಲೆಕ್ಕ ಅತಿರೇಕಕ್ಕೆ ಹೋಗುತ್ತದೆ. 2011ರ ಬೆಲ್ಜಿಯಂ ಗ್ರ್ಯಾನ್ ಪ್ರಿಯಲ್ಲಿ ಮುಂಚಕ್ರಗಳ ನೆಗೆಟಿವ್ ಕ್ಯಾಂಬರ್ 4 ಡಿಗ್ರಿ ದಾಟದಿರಲಿ ಎಂದು ಟೈರ್ ಒದಗಿಸುವ ಪಿರೆಲ್ಲಿ ಸೂಚಿಸಿತ್ತು. ರೆಡ್ ಬುಲ್ ತಂಡ ಅದನ್ನು ಮೀರಿತ್ತು. ಅರ್ಹತಾ ಸುತ್ತು ಮುಗಿಯುವಷ್ಟರಲ್ಲಿ ಟೈರುಗಳ ಮೇಲೆ ಗುಳ್ಳೆಗಳೆದ್ದವು. ಸೆಬಾಸ್ಟಿಯನ್ ವೆಟ್ಟೆಲ್ ಆ ರೇಸ್ ಗೆದ್ದರೂ, ಟೈರ್ ಬದಲಿಸಲು ಮೊದಲ ಕೆಲವೇ ಸುತ್ತುಗಳಲ್ಲಿ ಪಿಟ್‌ಗೆ ಬರಬೇಕಾಯಿತು.

ವಾಲಿದ ಚಕ್ರಕ್ಕೆ ಇನ್ನೊಂದು ಗುಣವಿದೆ. ನೆಲದ ಮೇಲೆ ಉರುಳಿಬಿಟ್ಟ ಲೋಟ ನೇರ ಹೋಗದೆ ಸುತ್ತು ಹಾಕುವಂತೆ, ಅದೂ ತಾನು ವಾಲಿದ ಕಡೆಗೇ ಉರುಳಲು ನೋಡುತ್ತದೆ. ಎಡಬಲ ಎರಡೂ ಸಮವಾಗಿ ವಾಲಿದ್ದರೆ ಒಂದರ ಎಳೆತವನ್ನು ಇನ್ನೊಂದು ತಡೆಯುತ್ತದೆ. ಅರ್ಧ ಮುಕ್ಕಾಲು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸ್ಟೇರಿಂಗ್ ಒಂದು ಕಡೆಗೆ ಎಳೆಯತೊಡಗುತ್ತದೆ. ಆದರೆ ನೀರು ಹರಿಯಲೆಂದು ನಮ್ಮ ರಸ್ತೆಗಳನ್ನು ಅಂಚಿಗೆ ಇಳಿಜಾರು ಮಾಡಿರುತ್ತಾರೆ. ಎಡಬದಿಯಲ್ಲಿ ಸಾಗುವ ಕಾರು ಎಡಕ್ಕೆ ತುಸು ಸರಿದರೆ ಅಷ್ಟಕ್ಕೇ ಕ್ಯಾಂಬರನ್ನು ದೂರಬೇಕಿಲ್ಲ.

ತಿರುಗಿಸಲು ಬೋಲ್ಟ್ ಎಲ್ಲಿದೆ?

ಅಲೈನ್‌ಮೆಂಟ್ ಮಾಡಿಸಿದರೆ ಕ್ಯಾಂಬರ್ ಕೂಡ ಸರಿಹೋಗುತ್ತದೆ ಎಂಬುದು ಅನೇಕರ ನಂಬಿಕೆ. ಅದು ಕಾರಿನ ಸಸ್ಪೆನ್ಶನ್ ಯಾವುದು ಎಂಬುದರ ಮೇಲೆ ನಿಂತಿದೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2005ರಲ್ಲಿ ಹೊರಬಂದ ಇನ್ನೋವಾವನ್ನೇ ನೋಡಿ. ಅದರ ಮುಂಭಾಗದಲ್ಲಿ ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ಆರ್ಮ್ ಇರುವ ಡಬಲ್ ವಿಷ್‌ಬೋನ್ ವ್ಯವಸ್ಥೆಯಿದೆ. ಕೆಳಗಿನ ಆರ್ಮ್ ಚಾಸಿಗೆ ಸೇರುವ ಜಾಗದಲ್ಲಿ ಗೆರೆ ಹಾಕಿದ ಬಿಲ್ಲೆಯುಳ್ಳ ಕ್ಯಾಮ್ ಬೋಲ್ಟ್‌ಗಳಿವೆ. ನಟ್ ಸಡಿಲಿಸಿ ಅವನ್ನು ತಿರುಗಿಸಿದರೆ ಆರ್ಮ್ ಹೊರಕ್ಕೋ ಒಳಕ್ಕೋ ಸರಿಯುತ್ತದೆ. ಬುಡ ಹೊರಕ್ಕೆ ಸರಿದರೆ ಚಕ್ರದ ತಲೆ ಒಳಕ್ಕೆ ವಾಲುತ್ತದೆ.

2022ರ ನವೆಂಬರಿನಲ್ಲಿ ಅನಾವರಣಗೊಂಡ ಇನ್ನೋವಾ ಹೈಕ್ರಾಸ್ ಹೆಸರಿನಲ್ಲಿ ಅದೇ ಮನೆತನದ್ದು. ಮುಂದಿನ ಸಸ್ಪೆನ್ಶನ್ ಮಾತ್ರ ಬೇರೆ. ಅದರಲ್ಲಿರುವುದು ಆಲ್ಟೊ, ಸ್ವಿಫ್ಟ್‌ಗಳಂಥ ಸಣ್ಣ ಕಾರುಗಳಲ್ಲೂ ಕಾಣುವ ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ವ್ಯವಸ್ಥೆ 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸಲ್, ಜೆಫಿರ್ ಕಾರುಗಳಲ್ಲಿ ಬಂತು. ಮೇಲಿನ ಆರ್ಮ್ ಇಲ್ಲ. ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಒಂದೇ ಕಂಬವಾಗಿ ಚಕ್ರವನ್ನು ಹಿಡಿದಿರುತ್ತವೆ. ಖರ್ಚು ಕಡಿಮೆ, ಹಿಡಿಯುವ ಜಾಗವೂ ಕಡಿಮೆ. ಆದರೆ ಈ ಬಗೆಯ ಅನೇಕ ಸಣ್ಣ ಕಾರುಗಳಿಗೆ ಕ್ಯಾಂಬರ್ ಹೊಂದಿಸುವ ಸೌಲಭ್ಯವನ್ನೇ ಕಂಪನಿ ಕೊಟ್ಟಿರುವುದಿಲ್ಲ. ಟೈ ರಾಡ್ ತಿರುಗಿಸಿ ಹೊಂದಿಸುವ ‘ಟೋ’, ಅಂದರೆ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ, ಅದೊಂದೇ ಮೆಕ್ಯಾನಿಕ್ಕಿನ ಕೈಯಲ್ಲಿರುವುದು. ಮುಂದೆ ಗಟ್ಟಿ ಆ್ಯಕ್ಸಲ್ ಇದ್ದ ಮೊದಲ ಟಾಟಾ ಏಸ್‌ನಂಥ ಗೂಡ್ಸ್ ಗಾಡಿಗಳ ಪಾಡೂ ಇದೇ.

ಸ್ಟ್ರಟ್ ಕಾರುಗಳಲ್ಲೂ ಅಲ್ಪಸ್ವಲ್ಪ ದಾರಿಯಿದೆ. ಸ್ಟ್ರಟ್ಟನ್ನು ಚಕ್ರ ಹೊತ್ತ ನಕಲ್‌ಗೆ ಬಿಗಿಯುವುದು ಸಾಮಾನ್ಯವಾಗಿ ಎರಡು ಬೋಲ್ಟ್. ಅವುಗಳ ನಡುವೆ ಆರು ಸೆಂಟಿಮೀಟರ್ ಅಂತರವಿದ್ದರೆ, ಮೇಲಿನದನ್ನು ಒಂದು ಮಿಲಿಮೀಟರ್ ಸರಿಸಿದರೂ ಚಕ್ರ ಒಂದು ಡಿಗ್ರಿ ವಾಲುತ್ತದೆ. ಅದಕ್ಕೆಂದೇ ನಡು ಸಣ್ಣಗಿರುವ ಅಥವಾ ಓರೆಗುಂಡು ಇರುವ ಕ್ಯಾಂಬರ್ ಬೋಲ್ಟ್‌ಗಳಿವೆ. ಆ ಕಾರಿಗೆಂದೇ ತಯಾರಾದದ್ದನ್ನು ಹಾಕಿ, ಹೇಳಿದಷ್ಟೇ ಟಾರ್ಕ್‌ನಲ್ಲಿ ಬಿಗಿದರೆ ಅದು ಸರಿಯಾದ ಕೆಲಸ.

ಹೈಡ್ರಾಲಿಕ್ ಜ್ಯಾಕಿ ಕೊಟ್ಟು ನಕಲ್ಲನ್ನೋ ಸ್ಟ್ರಟ್ಟನ್ನೋ ಬಗ್ಗಿಸಿ ‘ಕ್ಯಾಂಬರ್ ಕರೆಕ್ಷನ್’ ಮಾಡುವುದು ಮಾತ್ರ ಸಲ್ಲದು. ಅಲೈನ್‌ಮೆಂಟ್ ಯಂತ್ರದ ಪರದೆಯ ಮೇಲಿನ ಕೆಂಪು ಅಂಕಿ ಹಸಿರಾಗುತ್ತದೆ, ನಿಜ. ಆದರೆ ಬ್ರೇಕನ್ನೂ ಸ್ಟೇರಿಂಗನ್ನೂ ಹೊತ್ತ ಭಾಗದ ಬಲ ಎಷ್ಟು ಕುಂದಿತು ಎಂದು ಆ ಪರದೆ ಹೇಳುವುದಿಲ್ಲ.

ಮೊದಲು ಕಾರಣ ಹುಡುಕಬೇಕು

ಚಕ್ರ ತಾನಾಗಿ ವಾಲುವುದಿಲ್ಲ. ಗುಂಡಿಗೆ ಬಿದ್ದು ಲೋಯರ್ ಆರ್ಮ್ ಬಾಗಿರುತ್ತದೆ, ಬಾಲ್ ಜಾಯಿಂಟ್ ಸವೆದು ಆಟ ಬಂದಿರುತ್ತದೆ, ಬುಷ್ ಹರಿದಿರುತ್ತದೆ, ಸ್ಪ್ರಿಂಗ್ ಕುಸಿದಿರುತ್ತದೆ ಅಥವಾ ಅಪಘಾತದ ನಂತರ ಜೋಡಿಸಿದ ಸಬ್‌ಫ್ರೇಮ್ ಒಂದು ಪಕ್ಕಕ್ಕೆ ಸರಿದಿರುತ್ತದೆ. ಹಂಪಿಗೆ ತಗಲದಿರಲೆಂದು ಕಾಯಿಲ್ ಸ್ಪ್ರಿಂಗಿನ ನಡುವೆ ರಬ್ಬರ್ ಬಫರ್ ತುರುಕಿ ಕಾರನ್ನು ಎತ್ತರಿಸಿದಾಗಲೂ ಕ್ಯಾಂಬರ್ ಬದಲಾಗುತ್ತದೆ. ಒಳಅಂಚು ಸವೆದ ಮಾತ್ರಕ್ಕೆ ಕ್ಯಾಂಬರೇ ತಪ್ಪಿತಸ್ಥ ಅಲ್ಲ. ಚಕ್ರಗಳ ಮೂತಿ ಹೊರಕ್ಕೆ ತೆರೆದುಕೊಳ್ಳುವ ‘ಟೋ ಔಟ್’ ಕೂಡ ಇದೇ ಸವೆತ ಕೊಡುತ್ತದೆ, ಅದೂ ಇನ್ನಷ್ಟು ಬೇಗ. ಟೈರಿನ ಮೇಲೆ ಕೈಯಾಡಿಸಿದಾಗ ಗರಗಸದಂತೆ ತರಿತರಿ ಸಿಕ್ಕರೆ ಟೋ ಮೇಲೆ, ಒಂದೇ ಅಂಚು ನುಣ್ಣಗೆ ಸವೆದಿದ್ದರೆ ಕ್ಯಾಂಬರ್ ಮೇಲೆ ಅನುಮಾನ ಪಡಬಹುದು.

ಮನೆಯಲ್ಲೇ ಒರಟಾಗಿ ಪರೀಕ್ಷಿಸಲು ಗಾರೆ ಕೆಲಸದವರ ತೂಗುಗುಂಡು ಸಾಕು. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಎಲ್ಲ ಟೈರಿಗೂ ಸರಿಯಾದ ಗಾಳಿ ತುಂಬಿ, ಸ್ಟೇರಿಂಗ್ ನೇರವಿಟ್ಟು, ಚಕ್ರದ ಹೊರಮೈ ಎದುರು ದಾರ ಇಳಿಬಿಡಬೇಕು. ದಾರದಿಂದ ಡಿಸ್ಕಿನ ಮೇಲಂಚಿಗೂ ಕೆಳಅಂಚಿಗೂ ಇರುವ ದೂರ ಅಳೆಯಬೇಕು. 14 ಇಂಚಿನ ಡಿಸ್ಕಿನಲ್ಲಿ ಸುಮಾರು ಆರೂವರೆ ಮಿಲಿಮೀಟರ್ ವ್ಯತ್ಯಾಸ ಬಂದರೆ ಒಂದು ಡಿಗ್ರಿ. ಅಂಗಡಿಯ ಯಂತ್ರದಷ್ಟು ನಿಖರವಲ್ಲ, ಆದರೆ ಎಡಬಲಗಳ ನಡುವೆ ದೊಡ್ಡ ವ್ಯತ್ಯಾಸವಿದ್ದರೆ ತಿಳಿದುಬಿಡುತ್ತದೆ.

ಕೆಲಸಕ್ಕೂ ಒಂದು ಕ್ರಮವಿದೆ. ಗಾಳಿ, ಬುಷ್, ಬಾಲ್ ಜಾಯಿಂಟ್, ಬೇರಿಂಗ್ ನೋಡಿದ ಮೇಲೆ ಅಳತೆ. ಹೊಂದಿಸುವ ಸೌಲಭ್ಯವಿದ್ದರೆ ಮೊದಲು ಕ್ಯಾಂಬರ್, ಕೊನೆಗೆ ಟೋ. ಕ್ಯಾಂಬರ್ ಕದಲಿಸಿದರೆ ಟೋ ಕೂಡ ಕದಲುವುದರಿಂದ ಈ ಕ್ರಮ ತಪ್ಪಿದರೆ ಕೊಟ್ಟ ಹಣ ವ್ಯರ್ಥ.

ಕಾರಿನ ಟೈರಿನ ಬಟನ್ ಕನಿಷ್ಠ 1.6 ಮಿಲಿಮೀಟರ್ ಆಳವಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಒಳಅಂಚಿನಲ್ಲಿ ಅದು ಯಾವಾಗಲೋ ಮುಗಿದಿದ್ದರೂ ಹೊರಗಿನಿಂದ ಗೊತ್ತಾಗುವುದಿಲ್ಲ. ಆದ್ದರಿಂದ ಗಾಳಿ ಹಿಡಿಸುವಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿ ಮುಂದಿನ ಟೈರುಗಳ ಒಳಅಂಚನ್ನು ನೋಡಿ. ಅಲೈನ್‌ಮೆಂಟಿಗೆ ಹೋದರೆ ಕೆಲಸಕ್ಕೆ ಮುಂಚಿನ ಮತ್ತು ನಂತರದ ಎರಡೂ ಪ್ರಿಂಟ್ ಕೇಳಿ ಪಡೆಯಿರಿ. ಕ್ಯಾಂಬರ್ ಅಂಕಿ ಕೆಂಪಾಗಿದ್ದರೆ ಯಾವ ಭಾಗ ಸವೆದಿದೆ, ಯಾವುದು ಬಾಗಿದೆ ಎಂದು ತೋರಿಸಲು ಹೇಳಿ. ಬಗ್ಗಿಸಿ ಸರಿಮಾಡುತ್ತೇವೆ ಎಂದರೆ ಬೇಡವೆನ್ನಿ, ಆ ಭಾಗವನ್ನೇ ಬದಲಿಸಿಕೊಳ್ಳಿ.